ಹೊಟ್ಟೆಯೊಳಗೆ ಬಡಿಯುವ ಎರಡನೆಯ ಹೃದಯ

ಮೈಸೂರಿನ ಪ್ರಯೋಗಾಲಯವೊಂದರಲ್ಲಿ ನಾನು ಕೆಲವು ವರ್ಷ ಇಲಿಗಳಿಗೆ ಹೃದಯ ಕಸಿ ಮಾಡುವ ಕೆಲಸದಲ್ಲಿದ್ದೆ. ಕಸಿಯಾದ ಹೃದಯವನ್ನು, ದಿನವೂ ಔಷಧಿ ಕೊಡದೆಯೇ, ಇಲಿಯ ದೇಹ ತನ್ನದೆಂದು ಒಪ್ಪಿಕೊಳ್ಳುವಂತೆ ಮಾಡುವುದು ನಮ್ಮ ಗುರಿಯಾಗಿತ್ತು. ಕಸಿಯಾದ ಅಂಗವನ್ನು ದೇಹ ಹೊರಗಿನದೆಂದು ನಾಶಮಾಡುವುದನ್ನು, ಅಂದರೆ ತಿರಸ್ಕಾರವನ್ನು, ತಡೆಯುವ ಔಷಧಿಗಳು ದೇಹದ ರೋಗನಿರೋಧಕ ಶಕ್ತಿಯನ್ನೇ ಒಟ್ಟಾರೆ ಕುಗ್ಗಿಸುತ್ತವೆ. ಸಹಿಷ್ಣುತೆ ಎಂದರೆ ದಾನಿಯ ಅಂಗವನ್ನು ಮಾತ್ರ ಬಿಟ್ಟು ಉಳಿದ ಪರಕೀಯ ವಸ್ತುಗಳೊಡನೆ ದೇಹ ಎಂದಿನಂತೆ ಹೋರಾಡುವ ಸ್ಥಿತಿ.

ನಾವು ಹಿಡಿದದ್ದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯ ದಾರಿ. ದೇಹವನ್ನು ಕಾಯುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಬಲಿಯುವುದು ಇಲ್ಲಿಯೇ. ಸ್ವಂತ ದೇಹದ ಮೇಲೆ ಬೀಳಬಹುದಾದ ಕೋಶಗಳಲ್ಲಿ ಹೆಚ್ಚಿನವು ನಾಶವಾಗುವುದೂ ಇಲ್ಲಿಯೇ. ದಾನಿಯ ಕೋಶಗಳನ್ನು ಮೊದಲೇ ಅಲ್ಲಿ ಇರಿಸಿ, ರಕ್ತದಲ್ಲಿ ಆಗಲೇ ತಿರುಗಾಡುತ್ತಿರುವ ಟಿ ಕೋಶಗಳನ್ನು ಲಸಿಕಾಣು (ಲಿಂಫೋಸೈಟ್) ವಿರೋಧಿ ಸೀರಮ್ಮಿನಿಂದ ಕಡಿಮೆ ಮಾಡಿದರೆ, ಹೊಸದಾಗಿ ಬರುವ ಕೋಶಗಳು ದಾನಿಯನ್ನೂ ಸ್ವಂತದ್ದೆಂದೇ ಕಲಿತು ಹೊರಬರುತ್ತವೆ. ಮೇದೋಜೀರಕದ ಇನ್ಸುಲಿನ್ ಕೋಶಗುಚ್ಛಗಳನ್ನು ಇಲಿಯ ಥೈಮಸ್ಸಿನಲ್ಲಿಟ್ಟು ಈ ತತ್ವ ಕೆಲಸ ಮಾಡುತ್ತದೆಂದು ಫಿಲಡೆಲ್ಫಿಯಾದ ಸಂಶೋಧಕರು 1990ರಲ್ಲಿ ತೋರಿಸಿದ್ದರು.

ಪ್ರಾಣಿಪ್ರಯೋಗ ನೀತಿ ಸಮಿತಿಯ ಅನುಮತಿ ಬಂದ ಮೇಲೆ, ಲೂಯಿಸ್ ತಳಿಯನ್ನು ದಾನಿಯಾಗಿಯೂ ವಿಸ್ಟಾರ್-ಫರ್ತ್ ತಳಿಯನ್ನು ಸ್ವೀಕರಿಸುವ ಇಲಿಯಾಗಿಯೂ ಆರಿಸಿಕೊಂಡೆವು. ಇಲಿಗೆ ಅರಿವಳಿಕೆ ಕೊಟ್ಟು, ಎದೆಮೂಳೆಯ ಮೇಲ್ತುದಿಯನ್ನು ಸ್ವಲ್ಪವೇ ಸೀಳಿ, ಥೈಮಸ್ಸಿನ ಎರಡು ಹಾಲೆಗಳಿಗೂ ದಾನಿಯ ಗುಲ್ಮದ (ಸ್ಪ್ಲೀನ್) ಕೋಶಗಳನ್ನು ತೆಳುಸೂಜಿಯಿಂದ ಸೇರಿಸುತ್ತಿದ್ದೆ. ದ್ರವ ಸರಿಯಾಗಿ ಒಳಗೆ ಇಳಿದರೆ ಹಾಲೆ ಬೆಳ್ಳಗಾಗಿ ಉಬ್ಬುತ್ತದೆ. ಉಬ್ಬದಿದ್ದರೆ ಕೋಶಗಳು ಎದೆಗೂಡಿಗೆ ಸೋರಿವೆ ಎಂದರ್ಥ, ಅಂತಹ ಇಲಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಸೀರಮ್ಮನ್ನು ಅದೇ ದಿನ ಒಮ್ಮೆ ಕೊಟ್ಟು, ಮೂರು ವಾರ ಬಿಟ್ಟು ಹೃದಯ ಕಸಿ ಮಾಡುತ್ತಿದ್ದೆವು.

ಕಸಿಯ ವಿಧಾನ ಓನೊ ಮತ್ತು ಲಿಂಡ್ಸೆ 1969ರಲ್ಲಿ ಪ್ರಕಟಿಸಿದ್ದು. ಇಲಿಯ ಸ್ವಂತ ಹೃದಯ ತನ್ನ ಜಾಗದಲ್ಲೇ ಇರುತ್ತದೆ. ಹೊಸ ಹೃದಯದ ಮಹಾಪಧಮನಿಯನ್ನು ಹೊಟ್ಟೆಯ ಮಹಾಪಧಮನಿಗೂ, ಅದರ ಪುಪ್ಪುಸ ಧಮನಿಯನ್ನು ಕೆಳ ಮಹಾಸಿರೆಗೂ ಜೋಡಿಸಬೇಕು. ಸುಮಾರು ಒಂದು ಗ್ರಾಂ ತೂಕದ ಆ ಹೃದಯವನ್ನು ತಣ್ಣನೆಯ ಸಲೈನಿನಲ್ಲಿ ನೆನೆಸಿ, ಕೂದಲಿಗಿಂತ ತೆಳುವಾದ ನೂಲಿನಿಂದ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಿದ್ದೆ. ರಕ್ತನಾಳವನ್ನು ಬಿಗಿಹಿಡಿದಿದ್ದ ಕ್ಲಾಂಪ್ ಸಡಿಲಿಸಿದ ಕ್ಷಣ ಪೇಲವವಾಗಿದ್ದ ಹೃದಯಕ್ಕೆ ಕೆಂಪು ಏರುತ್ತದೆ, ಮೊದಲು ಹುಳು ಹರಿದಂತೆ ಕಂಪಿಸುತ್ತದೆ, ಬೆಚ್ಚನೆಯ ಸಲೈನ್ ಹನಿಸಿದಾಗ ಒಮ್ಮೆ ಬಲವಾಗಿ ಕುಗ್ಗಿ ಲಯ ಹಿಡಿಯುತ್ತದೆ. ಅದನ್ನು ಎಷ್ಟು ಸಲ ನೋಡಿದರೂ ನನ್ನ ಉಸಿರು ಒಂದು ಗಳಿಗೆ ನಿಲ್ಲುತ್ತಿತ್ತು. ಮೊದಲ ಎರಡು ಮೂರು ದಿನಗಳಲ್ಲಿ ನಿಂತುಹೋದ ಹೃದಯಗಳಿಗೆ ನಾನು ತಿರಸ್ಕಾರವನ್ನು ದೂರಲಿಲ್ಲ, ನನ್ನ ಹೊಲಿಗೆಯನ್ನೇ ದೂರಿದೆ. ಕೈ ಪಳಗಲು ತಿಂಗಳುಗಳೇ ಹಿಡಿದವು.

ಆಮೇಲಿನದು ದಿನವೂ ಬೆಳಿಗ್ಗೆ ಇಲಿಯನ್ನು ಅಂಗೈಯಲ್ಲಿ ಹಿಡಿದು, ಹೊಟ್ಟೆಯ ಮೇಲೆ ಬೆರಳಿಟ್ಟು ಬಡಿತ ಎಣಿಸುವ ಕೆಲಸ. ಏನೂ ಚಿಕಿತ್ಸೆಯಿಲ್ಲದ ಇಲಿಗಳಲ್ಲಿ ಸುಮಾರು ಒಂದು ವಾರದಲ್ಲಿ ಬಡಿತ ಮೆತ್ತಗಾಗಿ, ಹೃದಯ ಗಟ್ಟಿಯಾಗಿ ನಿಲ್ಲುತ್ತಿತ್ತು. ಪ್ರಾಣಿಗೃಹದಲ್ಲಿ ಮದ್ದೂರಿನ ಕಡೆಯ ಹಿರಿಯರೊಬ್ಬರಿದ್ದರು. "ಇದರ ಬಡಿತ ಇವತ್ತು ಮೆತ್ಗಾಗದೆ ಕಣಮ್ಮಾ" ಎಂದು ಅವರು ಹೇಳಿದರೆ ಮರುದಿನ ನನ್ನ ಬೆರಳಿಗೂ ಅದು ತಿಳಿಯುತ್ತಿತ್ತು. ಅಂದಿನಿಂದ ಇಬ್ಬರೂ ಬೇರೆ ಬೇರೆಯಾಗಿ ಅಂಕ ಬರೆದಿಡುವ ಕ್ರಮ ತಂದೆ. ಯಾವ ಪಂಜರಕ್ಕೆ ಯಾವ ಚಿಕಿತ್ಸೆ ಎಂಬುದನ್ನು ಅವರಿಗೆ ಹೇಳುತ್ತಿರಲಿಲ್ಲ.

ಅತಿ ದೊಡ್ಡ ಪೆಟ್ಟು ಬಿದ್ದದ್ದು ಹೋಲಿಕೆಗೆಂದು ಇಟ್ಟ ಗುಂಪಿನಲ್ಲಿ. ವಿಸ್ಟಾರ್-ಫರ್ತ್ ಇಲಿಯ ಹೃದಯವನ್ನು ಅದೇ ತಳಿಯ ಇಲಿಗೆ ಹಾಕಿದರೆ ಅದು ಔಷಧಿಯಿಲ್ಲದೆ ಉಳಿಯಲೇಬೇಕು, ಏಕೆಂದರೆ ಇಪ್ಪತ್ತಕ್ಕಿಂತ ಹೆಚ್ಚು ತಲೆಮಾರು ಒಡಹುಟ್ಟಿದವುಗಳಲ್ಲೇ ಕೂಡಿಸಿ ಬೆಳೆಸಿದ ತಳಿಯ ಇಲಿಗಳು ಒಂದರ ಅಂಗಾಂಶವನ್ನು ಮತ್ತೊಂದು ಪರಕೀಯವೆಂದು ಗುರುತಿಸುವುದೇ ಇಲ್ಲ. ಆದರೆ ಎರಡನೆಯ ವಾರದಲ್ಲಿ ಆ ಹೃದಯಗಳೂ ಸೋಲತೊಡಗಿದವು. ಅವುಗಳ ನಡುವೆ ಚರ್ಮ ಅದಲುಬದಲು ಮಾಡಿ ನೋಡಿದಾಗ ಅದೂ ಒಣಗಿ ಉದುರಿತು. ನಮಗೆ ಬಂದ ತಳಿಗೆ ಎಲ್ಲಿಯೋ ಬೇರೆ ಬಿಳಿ ಇಲಿ ಬೆರೆತಿತ್ತು. ಆವರೆಗಿನ ಫಲಿತಾಂಶಗಳನ್ನೆಲ್ಲ ಕೈಬಿಡಬೇಕಾಯಿತು, ಬಲಿಯಾದ ಜೀವಗಳ ನೋವು ನನ್ನನ್ನು ಬಹಳ ದಿನ ಬಿಡಲಿಲ್ಲ. ಹೊಸ ತಂಡದ ಇಲಿಗಳು ಬಂದಾಗಲೆಲ್ಲ ಮೊದಲು ಚರ್ಮದ ಪರೀಕ್ಷೆ ನಡೆಸಿಯೇ ಕೆಲಸ ಆರಂಭಿಸಬೇಕೆಂದು ಆ ವಾರವೇ ನಿಯಮ ಮಾಡಿದೆ.

ಥೈಮಸ್ಸಿಗೆ ಕೋಶ ಪಡೆದ ಇಲಿಗಳಲ್ಲಿ ಕೆಲವು ನೂರು ದಿನ ದಾಟಿದಾಗ ಸಹೋದ್ಯೋಗಿಗಳು ಸಂತೋಷಪಟ್ಟರು. ನಾನು ತಡೆದೆ. ಹೃದಯ ಬಡಿಯುತ್ತಿರುವುದು ಸಹಿಷ್ಣುತೆಗೆ ಸಾಕ್ಷಿಯಲ್ಲ. ರೋಗನಿರೋಧಕ ಶಕ್ತಿಯೇ ಕುಗ್ಗಿದ್ದರೂ ಅದು ಬಡಿಯುತ್ತಲೇ ಇರುತ್ತದೆ. ಆದ್ದರಿಂದ ಆ ಇಲಿಗಳಿಗೆ ಲೂಯಿಸ್ ತಳಿಯ ಎರಡನೆಯ ಹೃದಯವನ್ನು ಕುತ್ತಿಗೆಯಲ್ಲಿಯೂ, ಸಂಬಂಧವೇ ಇಲ್ಲದ ಬ್ರೌನ್ ನಾರ್ವೆ ತಳಿಯ ಚರ್ಮವನ್ನು ಬೆನ್ನಿನ ಮೇಲೂ ಇಟ್ಟೆ. ಎರಡು ವಾರದೊಳಗೆ ಬ್ರೌನ್ ನಾರ್ವೆಯ ಕಂದು ಚರ್ಮ ಕಪ್ಪಾಗಿ ಸಿಪ್ಪೆಯಂತೆ ಎದ್ದುಬಂತು. ಅದೇ ಬೆಳಿಗ್ಗೆ, ಅದೇ ಇಲಿಯ ಹೊಟ್ಟೆಯಲ್ಲಿಯೂ ಕುತ್ತಿಗೆಯಲ್ಲಿಯೂ ಲೂಯಿಸ್ ಹೃದಯಗಳು ನನ್ನ ಬೆರಳಿಗೆ ಬಲವಾಗಿ ತಾಗಿದವು. ದಾಖಲೆ ಪುಸ್ತಕದಲ್ಲಿ 'ಸಹಿಷ್ಣು' ಎಂಬ ಪದವನ್ನು ನಾನು ಮೊದಲ ಬಾರಿಗೆ ಬರೆದದ್ದು ಅಂದು.