ಹೊಟ್ಟೆಯಲ್ಲೊಂದು, ಕಂಕುಳಲ್ಲೊಂದು: ಬಗ್ಗದೆ ದಿನ ತಳ್ಳುವುದು ಹೇಗೆ

ನನಗೀಗ ಏಳನೇ ತಿಂಗಳು. ದೊಡ್ಡವಳು ಯುಕೆಜಿ, ಚಿಕ್ಕವನಿಗೆ ಈಗಷ್ಟೇ ಎರಡು ತುಂಬಿದೆ. ಮನೆ ತುಮಕೂರಿನಲ್ಲಿ, ಮೊದಲನೇ ಮಹಡಿ. ಮನೆಯವರು ಬೆಳಗಿನ ರೈಲಿಗೆ ಯಶವಂತಪುರಕ್ಕೆ ಹೊರಟರೆ ವಾಪಸ್ ಬರುವುದು ಮಕ್ಕಳು ಮಲಗುವ ಹೊತ್ತಿಗೆ. ನಡುವೆ ನಾನೊಬ್ಬಳೇ. ಜೊತೆಗೆ ಸೀರೆಗೆ ಕುಚ್ಚು ಕಟ್ಟುವ ಕೆಲಸ. "ಮೂರನೇದಾ?" ಅಂತ ಹುಬ್ಬೇರಿಸುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಅಷ್ಟು ಹೊತ್ತಿನಲ್ಲಿ ಸೆರಗಿನ ಒಂದು ತುದಿ ಮುಗಿಯುತ್ತದೆ.

ರೆಸ್ಟ್ ತಗೋ, ಭಾರ ಎತ್ತಬೇಡ, ಮಧ್ಯಾಹ್ನ ಮಲಗು ಅಂತ ಎಲ್ಲರೂ ಹೇಳುತ್ತಾರೆ. ಮೊದಲ ಬಸುರಿಗೆ ಅದು ಸರಿ. ಸೆರಗು ಹಿಡಿದು ಜಗ್ಗುವ ಮಗು ಇರುವ ಮನೆಯಲ್ಲಿ ಅದನ್ನು ಪಾಲಿಸುವುದು ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನ್ನನ್ನು ಕೇಳಿದರೆ, ನಮಗೆ ಸುಸ್ತು ಮಾಡುವುದು ಅಡುಗೆಯೂ ಅಲ್ಲ, ಬಟ್ಟೆಯೂ ಅಲ್ಲ. ದಿನವಿಡೀ ಬಗ್ಗುವುದು, ಎತ್ತುವುದು, ಮತ್ತೆ ಏಳುವುದು. ಬಿದ್ದ ಚಮಚಕ್ಕೆ ಬಗ್ಗಬೇಕು, ಶೂ ಹಾಕಲು ಬಗ್ಗಬೇಕು, ಮಂಚದ ಕೆಳಗೆ ಹೋದ ಬಾಲ್‌ಗೆ ಬಗ್ಗಬೇಕು. ಇದನ್ನು ಅರ್ಧಕ್ಕೆ ಇಳಿಸಿದರೂ ಸಂಜೆಗೆ ಸೊಂಟದಲ್ಲಿ ಜೀವ ಉಳಿಯುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಈಗ ನಡೆಯುವ ಕಾನೂನು ಒಂದೇ: ಮಕ್ಕಳೇ ನನ್ನ ಹತ್ತಿರ ಹತ್ತಿ ಬರಬೇಕು, ನಾನು ಇಳಿಯುವುದಿಲ್ಲ.

ಮೊದಲು ದಿವಾನ

ಹಾಲ್‌ನಲ್ಲಿರುವ ದಿವಾನದ ಪಕ್ಕ ಒಂದು ಗಟ್ಟಿ ಮರದ ಮಣೆ, ಅದರ ಪಕ್ಕ ಅದಕ್ಕಿಂತ ಎತ್ತರದ ಸ್ಟೂಲ್ ಇಟ್ಟಿದ್ದೇನೆ. ಚಿಕ್ಕವನು ಮಣೆ ಹತ್ತಿ, ಸ್ಟೂಲ್ ಹತ್ತಿ, ದಿವಾನದ ಮೇಲೆ ಬಂದು ನಿಲ್ಲುತ್ತಾನೆ. ನಾನು ಕೆಳಗೆ ಕಾಲೂರಿ ದಿವಾನದ ತುದಿಯಲ್ಲಿ ಕೂತಿರುತ್ತೇನೆ. ಚಡ್ಡಿ ಬದಲಾಯಿಸುವುದು, ಪೌಡರ್, ಶೂ, ದೊಡ್ಡವಳ ಎರಡು ಜಡೆ, ಎಲ್ಲ ಅಲ್ಲೇ. ಕೈಗೆ ಸಿಗುವ ಹಾಗೆ ಒಂದು ಬುಟ್ಟಿ ಇಡಿ. ಬಾಚಣಿಗೆ, ಕೊಬ್ಬರಿ ಎಣ್ಣೆ, ರಬ್ಬರ್ ಬ್ಯಾಂಡ್, ಎರಡು ಚಡ್ಡಿ, ಒದ್ದೆ ಬಟ್ಟೆ, ಉಗುರು ಕತ್ತರಿಸುವ ಕಟರ್. ಇದೊಂದು ಬುಟ್ಟಿ ಇಲ್ಲದಿದ್ದರೆ ಕೂತವಳು ಪ್ರತಿ ಸಲ ಏಳಬೇಕು, ಕೂತಿದ್ದೂ ದಂಡ.

ಬಚ್ಚಲಿನಲ್ಲಿ ನಾನು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂರುತ್ತೇನೆ, ಅವನು ಎದುರು ನಿಲ್ಲುತ್ತಾನೆ. ಚೊಂಬಿನಲ್ಲಿ ನೀರು ಹುಯ್ಯುವ ಕೆಲಸ ಅಕ್ಕನದು. ನೀರು ಅರ್ಧ ಅವಳ ಮೇಲೇ ಬೀಳುತ್ತದೆ, ಬೀಳಲಿ ಬಿಡಿ. ಆದರೆ ನೆಲಕ್ಕೆ ಒರಟು ಮ್ಯಾಟ್ ಹಾಕಲೇಬೇಕು. ಹೊಟ್ಟೆ ಮುಂದೆ ಬಂದ ಮೇಲೆ ನಮ್ಮ ತೂಕದ ಲೆಕ್ಕವೇ ತಪ್ಪುತ್ತದೆ. ಸೋಪಿನ ನೀರಿನಲ್ಲಿ ಜಾರಿದರೆ ಕಷ್ಟ.

ಅಡುಗೆಮನೆಯ ಕೆಳಗಿನ ಶೆಲ್ಫಿನಲ್ಲಿ ಮಕ್ಕಳ ಸ್ಟೀಲ್ ತಟ್ಟೆ, ಲೋಟ ಇಡಿ. ಅವರೇ ತಗೊಳ್ಳಲಿ, ಅವರೇ ಸಿಂಕ್ ಹತ್ತಿರ ತಂದಿಡಲಿ. ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಟೇಬಲ್ ಮುಂದೆ ಕೂತು. ಅವರೆಕಾಯಿ ಕಾಲದಲ್ಲಿ ಕಾಳು ಬಿಡಿಸಲು ಇಬ್ಬರನ್ನೂ ಕೂರಿಸಿಬಿಡಿ. ಕಾಳು ಹಿಸುಕುವಾಗ ಪುಳಕ್ ಅಂತ ಹಾರುವುದೇ ಅವರಿಗೆ ಆಟ. ಅರ್ಧ ಗಂಟೆ ಮನೆ ತಣ್ಣಗಿರುತ್ತದೆ. ಚಿಕ್ಕವನು ಕಾಳನ್ನು ಮೂಗಿಗೆ ಹಾಕಿಕೊಳ್ಳದಂತೆ ಒಂದು ಕಣ್ಣಿರಲಿ.

ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಮುಟ್ಟಲೇಬೇಡಿ. ಮನೆಯವರು ರಾತ್ರಿಯೇ ಅದನ್ನು ನಲ್ಲಿ ಇರುವ ಡಬ್ಬಕ್ಕೆ ಸುರಿದಿಟ್ಟು ಹೋಗಲಿ. ಒದ್ದೆ ಬಟ್ಟೆಯ ಬಕೆಟ್ ಹೊತ್ತು ತಾರಸಿ ಮೆಟ್ಟಿಲು ಹತ್ತುವುದೂ ಬೇಡ. ನಮ್ಮಲ್ಲಿ ರಾತ್ರಿ ಹತ್ತರ ಮೇಲೆ ಗಂಡಸರೇ ಬಟ್ಟೆ ಹರವುತ್ತಾರೆ. ಎದುರು ಮನೆಯವರು ನೋಡಿ ನಗುತ್ತಾರೆ. ನಗಲಿ, ಬಟ್ಟೆ ಒಣಗುತ್ತದೆ ಅಲ್ವಾ?

ಮಗುವನ್ನು ಎತ್ತುವ ವಿಷಯ. ರಕ್ತಸ್ರಾವ ಆಗಿದ್ದರೆ, ಮಾಸು ಕೆಳಗಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿದ್ದರೆ, ಗರ್ಭಕೋಶದ ಬಾಯಿ ಸಡಿಲ ಇದೆ ಅಂದಿದ್ದರೆ ಡಾಕ್ಟರ್ ಹೇಳಿದಂತೆ ಕೇಳಿ, ಎತ್ತಬೇಡಿ. ಹಾಗೇನೂ ಇಲ್ಲದಿದ್ದರೆ ಎರಡು ವರ್ಷದವನನ್ನು ಆಗೊಮ್ಮೆ ಈಗೊಮ್ಮೆ ಎತ್ತಿದರೆ ಆಕಾಶ ಬೀಳುವುದಿಲ್ಲ. ಮಂಡಿ ಮಡಚಿ ಕುಕ್ಕರಿಸಿ, ಮಗುವನ್ನು ಎದೆಗೆ ಒತ್ತಿಕೊಂಡು, ಕಾಲಿನ ಬಲದ ಮೇಲೆ ಏಳಿ. ಸೊಂಟ ಬಗ್ಗಿಸಿ ಎಳೆಯಬೇಡಿ. ಒಂದೇ ಕಡೆ ಕಂಕುಳಲ್ಲಿ ಹೊತ್ತು ತಿರುಗುವುದು ಈಗ ಬೇಡ. ಬಸುರಿನಲ್ಲಿ ಕೀಲುಗಳ ಬಿಗಿ ಸಡಿಲವಾಗಿರುತ್ತದೆ, ಒಂದು ಕಡೆ ಭಾರ ಬಿದ್ದರೆ ತೊಡೆಸಂದಿ ಹಿಡಿದುಕೊಳ್ಳುತ್ತದೆ.

ಅವರ ಎಂಜಲು ನಿಮ್ಮ ತಿಂಡಿಯಲ್ಲ

ಅರ್ಧ ದೋಸೆ, ಬಿಸ್ಕತ್ತಿನ ಚೂರು, ಲೋಟದ ತಳದಲ್ಲಿ ಉಳಿದ ಹಾಲು. ತಾಯಂದಿರ ಬೆಳಗಿನ ತಿಂಡಿ ಬಹಳ ಸಲ ಇಷ್ಟೇ. ಎಸೆಯಲು ಮನಸ್ಸು ಬರುವುದಿಲ್ಲ. ಆದರೆ ಬಸುರಿಯರಿಗೆ ಇದು ಎರಡು ಕಾರಣಕ್ಕೆ ಬೇಡ. ಒಂದು, ಎಷ್ಟು ತಿಂದೆವು ಅನ್ನುವುದೇ ಗೊತ್ತಾಗುವುದಿಲ್ಲ, ಹನ್ನೊಂದಕ್ಕೆ ತಲೆ ಸುತ್ತುತ್ತದೆ. ಎರಡನೆಯದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಚಿಕ್ಕ ಮಕ್ಕಳ ಜೊಲ್ಲು, ಮೂತ್ರದಲ್ಲಿ ಸೈಟೊಮೆಗಾಲೊ ಅನ್ನುವ ವೈರಸ್ ಇರಬಹುದು. ಮಗುವಿಗೆ ಅದರಿಂದ ಏನೂ ಕಾಣಿಸುವುದಿಲ್ಲ. ಹೊಟ್ಟೆಯಲ್ಲಿರುವ ಕೂಸಿಗೆ ತಗುಲಿದರೆ ಕೆಲವು ಸಲ ಕಿವಿ ಕೇಳಿಸದೆ ಹೋಗಬಹುದು. ಹೆದರಿ ಮಗುವನ್ನು ದೂರ ತಳ್ಳಬೇಕಿಲ್ಲ. ಅದೇ ಚಮಚದಲ್ಲಿ ತಿನ್ನಬೇಡಿ, ತುಟಿ ಬಿಟ್ಟು ಹಣೆಗೆ ಮುತ್ತು ಕೊಡಿ, ಚಡ್ಡಿ ಬದಲಾಯಿಸಿದ ಮೇಲೆ, ಮೂಗು ಒರೆಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಗುವಿನ ಮೈ ಮೇಲೆ ಜ್ವರದ ಜೊತೆ ಗುಳ್ಳೆ, ದದ್ದು ಕಾಣಿಸಿದರೆ ನಿಮ್ಮ ಡಾಕ್ಟರಿಗೂ ಒಂದು ಫೋನ್ ಮಾಡಿ.

ನಾನು ಮಕ್ಕಳನ್ನು ಎಬ್ಬಿಸುವ ಮುಂಚೆಯೇ ತಿಂದು ಮುಗಿಸುತ್ತೇನೆ. ಹಿಂದಿನ ರಾತ್ರಿಯ ದೋಸೆ ಹಿಟ್ಟು ಇದ್ದರೆ ಬಿಸಿಬಿಸಿ ದೋಸೆ, ಇಲ್ಲದಿದ್ದರೆ ಅವಲಕ್ಕಿ. ಸ್ವಾರ್ಥ ಅನ್ನಿಸಿದರೆ ಅನ್ನಿಸಲಿ. ಮಧ್ಯಾಹ್ನಕ್ಕೆ ಅಂಗನವಾಡಿ ಹತ್ತಿರ ಇದ್ದವರು ಮಾತೃಪೂರ್ಣ ಯೋಜನೆಯಲ್ಲಿ ಹೆಸರು ಬರೆಸಿ. 2017 ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾಗಿದ್ದು, ಬಸುರಿ ಬಾಣಂತಿಯರಿಗೆ ಬಿಸಿ ಊಟ, ಮೊಟ್ಟೆ, ಹಾಲು ಕೊಡುವ ಯೋಜನೆ. ಒಂದು ಹೊತ್ತು ಬೇರೆಯವರು ಬಡಿಸಿದ ಊಟ ಅಂದರೇನು ಅನ್ನುವುದು ದಿನಾ ಬಡಿಸುವವರಿಗೇ ಗೊತ್ತು.

ಕೆಂಪು ಮಾತ್ರೆ ಎಲ್ಲಿಡಬೇಕು

ಇದನ್ನು ಮಾತ್ರ ಎರಡು ಸಲ ಓದಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಕೆಂಪಗೆ, ಮೇಲೆ ಸಕ್ಕರೆ ಲೇಪ. ಮಕ್ಕಳ ಕಣ್ಣಿಗೆ ಅದು ಜೆಮ್ಸ್. ಚಿಕ್ಕ ಮಗು ಅದನ್ನು ನಾಲ್ಕಾರು ನುಂಗಿದರೆ ಕಬ್ಬಿಣವೇ ವಿಷ, ಜೀವಕ್ಕೇ ಅಪಾಯ. ಫ್ರಿಡ್ಜ್ ಮೇಲೆ, ದಿಂಬಿನ ಕೆಳಗೆ, ವ್ಯಾನಿಟಿ ಬ್ಯಾಗಿನಲ್ಲಿ ಇಡಬೇಡಿ. ಬೀರುವಿನೊಳಗೆ ಇಟ್ಟು ಬೀಗ ಹಾಕಿ. ನೀವು ನುಂಗುವುದನ್ನೂ ಅವರು ನೋಡದಿದ್ದರೆ ಒಳ್ಳೆಯದು. ಮಗು ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಆಗುತ್ತದಾ ಅಂತ ಕಾಯದೆ, ಸ್ಟ್ರಿಪ್ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ತಗೋಬಾರದು, ಎರಡು ಗಂಟೆಯಾದರೂ ಅಂತರ ಇರಲಿ. ಕಾಫಿ, ಟೀ ಕುಡಿದ ತಕ್ಷಣವೂ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ಒಳ್ಳೆಯದು. ನಾನು ಕ್ಯಾಲ್ಸಿಯಂ ಅನ್ನು ತಿಂಡಿ ಮತ್ತು ಮಧ್ಯಾಹ್ನದ ಊಟದ ಜೊತೆ, ಕೆಂಪು ಮಾತ್ರೆಯನ್ನು ಮಕ್ಕಳು ಮಲಗಿದ ಮೇಲೆ ತಗೊಳ್ಳುತ್ತೇನೆ. ಆಗ ಬೀರು ಬೀಗ ತೆಗೆಯಲೂ ಸಲೀಸು. ಮಲ ಕಪ್ಪಗಾಗುತ್ತದೆ, ಅದಕ್ಕೆ ಗಾಬರಿ ಬೇಡ. ಮಲಬದ್ಧತೆ ಆದರೆ ಮಾತ್ರೆ ಬಿಡುವ ಬದಲು ಡಾಕ್ಟರಿಗೆ ಹೇಳಿ. ಒಂದರ ಹಿಂದೆ ಒಂದು ಹೆತ್ತವರಿಗೆ ರಕ್ತ ಕಡಿಮೆ ಇರುವುದು ಸಾಮಾನ್ಯ. ಹಿಮೋಗ್ಲೋಬಿನ್ 11 ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತಲೇ ಲೆಕ್ಕ. "ಮಕ್ಕಳ ಕಾಟ, ಅದಕ್ಕೇ ಸುಸ್ತು" ಅಂತ ನಾವೇ ತೀರ್ಮಾನ ಮಾಡುವುದು ಬೇಡ.

ಮಧ್ಯಾಹ್ನ ಮಲಗಿಕೊಂಡೇ ಆಡಿ

ಚಿಕ್ಕವನು ಮಲಗಿದಾಗ ನೀವೂ ಮಲಗಿ ಅನ್ನುತ್ತಾರೆ. ಅವನು ಮಲಗುವ ಹೊತ್ತಿಗೆ ಸರಿಯಾಗಿ ದೊಡ್ಡವಳ ಸ್ಕೂಲ್ ವ್ಯಾನ್ ಬರುತ್ತದೆ! ಅದಕ್ಕೇ ನಾನು ಮಲಗಿಕೊಂಡು ಆಡುವ ಆಟಗಳನ್ನೇ ಕಲಿಸಿದ್ದೇನೆ. ಡಾಕ್ಟರ್ ಆಟ ಎಲ್ಲಕ್ಕಿಂತ ಮೇಲು. ನಾನು ಪೇಷಂಟ್, ಎಡಕ್ಕೆ ತಿರುಗಿ ಮಲಗಿರಬೇಕು, ಏಳಬಾರದು ಅಂತ ಡಾಕ್ಟರ್ ಅಮ್ಮನವರ ಆರ್ಡರ್. ಕಾಲಿಗೆ ಬ್ಯಾಂಡೇಜ್ ಸುತ್ತುತ್ತಾರೆ, ಬೆನ್ನಿಗೆ ಇಂಜೆಕ್ಷನ್ ಚುಚ್ಚುತ್ತಾರೆ. ಅವರ ಪುಟ್ಟ ಕೈ ಬೆನ್ನ ಮೇಲೆ ಒತ್ತಿದರೆ ಆಹಾ ಅನ್ನಿಸುತ್ತದೆ. ಬಾಗಿಲಿಗೆ ಮೇಲಿನ ಚಿಲಕ ಹಾಕಿದ್ದರೆ ಅರೆಗಣ್ಣು ಮುಚ್ಚಬಹುದು.

ಆ ಹೊತ್ತನ್ನು ಇನ್ನೊಂದಕ್ಕೂ ಬಳಸಿ. ಮಕ್ಕಳ ಹಿಂದೆ ಓಡುವಾಗ ಹೊಟ್ಟೆಯಲ್ಲಿರುವುದು ಮಿಸುಕಾಡಿದ್ದು ಗೊತ್ತೇ ಆಗುವುದಿಲ್ಲ. ರಾತ್ರಿ ಹಾಸಿಗೆಯಲ್ಲಿ, "ಇವತ್ತು ಒದ್ದಿತಾ?" ಅಂತ ಯೋಚನೆ ಶುರುವಾಗುತ್ತದೆ. ಊಟ ಆದ ಮೇಲೆ ಮಗ್ಗುಲಾಗಿ ಮಲಗಿ ಗಮನ ಕೊಡಿ. ದಿನದ ಹಾಗೆ ಅಲುಗಾಟ ಇಲ್ಲ, ಕಡಿಮೆ ಆಗಿದೆ ಅನ್ನಿಸಿದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಕಂಡರೆ, ನೀರು ಸೋರಿದರೆ, ಬಿಡದ ತಲೆನೋವು, ಕಣ್ಣು ಮಂಜು, ಮುಖ ಊದಿಕೊಂಡರೆ, ಜ್ವರ ಬಂದರೂ ಹಾಗೇ. ಕೊನೆಯ ಮೂರು ತಿಂಗಳು ಅಂಗಾತ ಮಲಗುವುದು ಬಿಡಿ.

ಮಲಗಿದಾಗ ಚಿಕ್ಕವನು ಕಾಲು ಝಾಡಿಸಿ ಹೊಟ್ಟೆಗೆ ಒದೆಯುತ್ತಾನೆ, ಏನಾಗುತ್ತೋ ಅಂತ ಎಲ್ಲರಿಗೂ ಭಯ. ಅಷ್ಟರಿಂದ ಏನೂ ಆಗುವುದಿಲ್ಲ, ಒಳಗಿನ ನೀರು ಕೂಸನ್ನು ಕಾಯುತ್ತದೆ. ನಡುವೆ ಒಂದು ದಿಂಬು ಇಟ್ಟುಕೊಳ್ಳಿ. ನೀವೇ ಬಿದ್ದರೆ, ಜೋರು ಪೆಟ್ಟು ಬಿದ್ದರೆ ಮಾತ್ರ ತೋರಿಸಲೇಬೇಕು.

ಇನ್ನೂ ಎದೆಹಾಲು ಕುಡಿಯುವ ಮಗು ಇದ್ದರೆ "ಬಸುರಿ ಹಾಲು ಕೆಟ್ಟ ಹಾಲು" ಅಂತ ಹಿರಿಯರು ಹೇಳುತ್ತಾರೆ. ಹಾಲು ಕೆಡುವುದಿಲ್ಲ. ಕಡಿಮೆ ಆಗುತ್ತದೆ, ರುಚಿ ಬದಲಾಗುತ್ತದೆ, ಬಹಳ ಮಕ್ಕಳು ತಾವಾಗೇ ಬಿಡುತ್ತವೆ. ತೊಂದರೆ ಇಲ್ಲದ ಬಸುರಾದರೆ ಡಾಕ್ಟರನ್ನು ಕೇಳಿ ಮುಂದುವರಿಸಬಹುದು.

ಚೆಕಪ್‌ಗೆ ಹೋಗುವ ದಿನ

ಹಳೆಯ ತಾಯಿ ಕಾರ್ಡ್ ಎಸೆಯಬೇಡಿ. ಹಿಂದಿನ ಹೆರಿಗೆಯಲ್ಲಿ ಬಿಪಿ, ಶುಗರ್ ಇತ್ತಾ, ಮಗುವಿನ ತೂಕ ಎಷ್ಟು, ಎಲ್ಲ ಅದರಲ್ಲಿದೆ. ಧನುರ್ವಾಯು, ಗಂಟಲಮಾರಿ ಬರದಂತೆ ಬಸುರಿಯರಿಗೆ ಕೊಡುವ ಟಿಡಿ ಇಂಜೆಕ್ಷನ್‌ದೂ ಅಷ್ಟೇ. ಹಿಂದಿನ ಬಸುರಿನಲ್ಲಿ ಎರಡು ಡೋಸ್ ಆಗಿ, ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಈ ಸಲ ಒಂದೇ ಬೂಸ್ಟರ್ ಸಾಕು. ಕಾರ್ಡ್ ಇಲ್ಲದಿದ್ದರೆ ಮತ್ತೆ ಎರಡು ಸಲ ಚುಚ್ಚಿಸಿಕೊಳ್ಳಬೇಕಾಗಬಹುದು. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ, ನಮ್ಮನೆಯ ಕಾರ್ಡಿನ ಮೇಲೆ ಈಗಾಗಲೇ ಕ್ರೇಯಾನ್‌ನಲ್ಲಿ ಒಂದು ಆನೆ ಇದೆ.

ಪ್ರತಿ ತಿಂಗಳು 9 ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ರಶ್ ಜಾಸ್ತಿ, ಬೇಗ ಹೋಗಿ. ಶುಗರ್ ಟೆಸ್ಟ್ ದಿನ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಕಾಯಬೇಕು, ಹೊಟ್ಟೆ ತೊಳಸುತ್ತಿರುತ್ತದೆ, ಅದರ ಮೇಲೆ ಕಾರಿಡಾರಿನಲ್ಲಿ ಓಡುವವನನ್ನು ಹಿಡಿಯಲು ಆಗುವುದಿಲ್ಲ. ಪಕ್ಕದ ಮನೆ ಆಂಟಿಗೆ ನಾನು ಬ್ಲೌಸ್‌ಗೆ ಹುಕ್ ಹಾಕಿಕೊಡುತ್ತೇನೆ, ಅವರು ಇವನನ್ನು ನೋಡಿಕೊಳ್ಳುತ್ತಾರೆ. ಹೀಗೆ ಕೊಟ್ಟು ತಗೊಳ್ಳುವ ಲೆಕ್ಕ ಇದ್ದರೆ ಕೇಳಲು ಮುಜುಗರ ಇರುವುದಿಲ್ಲ.

ತಮಾಷೆ ಮಾಡುವವರ ಬಾಯಿ ಮುಚ್ಚಿಸಿ

"ಪಾಪು ಬಂದ ಮೇಲೆ ನಿನ್ನನ್ನ ಯಾರು ಎತ್ತಿಕೊಳ್ತಾರೆ?" ಅಂತ ಚಿಕ್ಕವನನ್ನು ಕೆಣಕುವ ನೆಂಟರು ಎಲ್ಲರ ಮನೆಯಲ್ಲೂ ಇದ್ದಾರೆ. ಅವರು ನಕ್ಕು ಕಾಫಿ ಕುಡಿದು ಹೋಗುತ್ತಾರೆ, ರಾತ್ರಿಯೆಲ್ಲ ಅಂಟಿಕೊಂಡು ಅಳುವುದು ನಮ್ಮ ಮಗು. ಅಲ್ಲೇ, ಮಗುವಿನ ಎದುರಿಗೇ ಹೇಳಿ: "ಇವನನ್ನ ನಾನೇ ಎತ್ತಿಕೊಳ್ತೀನಿ ಚಿಕ್ಕಮ್ಮ, ಯಾವಾಗಲೂ." ಮಲಗುವ ಜಾಗ ಬದಲಿಸುವುದು, ಅಂಗನವಾಡಿಗೆ ಸೇರಿಸುವುದು ಇದ್ದರೆ ಈಗಲೇ ಮಾಡಿ. ಪಾಪು ಬಂದ ವಾರವೇ ಮಾಡಿದರೆ ಎಲ್ಲ ತಪ್ಪೂ ಪಾಪುವಿನ ತಲೆಗೆ.

ನೋವು ಬರುವ ರಾತ್ರಿಗೆ

ಮೊದಲ ಹೆರಿಗೆಗೆ ಹಿಡಿದಷ್ಟು ಹೊತ್ತು ಮುಂದಿನದಕ್ಕೆ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಅದಕ್ಕೇ ತಡಮಾಡಬೇಡಿ. 108 ಕ್ಕೆ ಫೋನ್ ಮಾಡುವುದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ, ಮನೆಯ ಗುರುತು ಹೇಳುವುದು ಸೇರಿಸಿ. ಒಂದು ಬೀಗದ ಕೈ ಪಕ್ಕದ ಮನೆಯಲ್ಲಿರಲಿ. ಬ್ಯಾಗು ಎರಡು: ಒಂದು ನಿಮ್ಮದು, ಇನ್ನೊಂದು ಮಕ್ಕಳದು.

ತವರಿಗೆ ಹೋಗುವುದಾ ಬೇಡವಾ ಅನ್ನುವುದು ದೊಡ್ಡವಳ ಸ್ಕೂಲಿನಿಂದಲೇ ತೀರ್ಮಾನ ಆಯಿತು. ಈ ಸಲ ಅಮ್ಮನೇ ಇಲ್ಲಿಗೆ ಬರುತ್ತಾಳೆ. ಬಾಣಂತನಕ್ಕೆ ಅಮ್ಮ ಬಂದರೆ ಮಕ್ಕಳ ಕೆಲಸವೂ ಅವಳ ಮೇಲೇ ಬೀಳುತ್ತದೆ, ಅವಳಿಗೆ ನಿಮ್ಮ ಮನೆಯ ಪದ್ಧತಿ ಗೊತ್ತಿರುವುದಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಡ್ಜ್‌ಗೆ ಅಂಟಿಸಿ. ಚಿಕ್ಕವನಿಗೆ ಅನ್ನಕ್ಕೆ ಸಾರು ಬೇರೆ, ಮೊಸರು ಬೇರೆ, ಕಲಸಿದರೆ ತಿನ್ನುವುದಿಲ್ಲ. ನೀಲಿ ಟವೆಲ್ ಇಲ್ಲದೆ ಮಲಗುವುದಿಲ್ಲ. ದೊಡ್ಡವಳಿಗೆ ಬುಧವಾರ ಬಿಳಿ ಯೂನಿಫಾರ್ಮ್. ವ್ಯಾನ್ ಡ್ರೈವರ್ ನಂಬರ್. ಅಮ್ಮ ಬಂದ ಮೊದಲ ದಿನವೇ ಅವಳನ್ನು ಕೆಳಗೆ ಕರೆದುಕೊಂಡು ಹೋಗಿ ಡ್ರೈವರ್‌ಗೆ ಮುಖ ತೋರಿಸಿ. ನಮ್ಮ ವ್ಯಾನಿನವರು ಗುರುತಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ, ಅಜ್ಜಿ ಅಂದರೂ ಕೊಡುವುದಿಲ್ಲ.