ಮೊದಲು ಹೆಸರು, ಆಮೇಲೆ ಲೆಕ್ಕ

ನಾನು ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಒಂದು ದಿನ ಸಸ್ಯರೋಗ ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರು ಬಂದರು. ಫೆಲೋಶಿಪ್ ಅರ್ಜಿಗೆ ಮೂರು ವಿವರ ಬೇಕಿತ್ತು: ಒಟ್ಟು ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ) ಎಷ್ಟು, ಆ ಉಲ್ಲೇಖಗಳಿಂದ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಎಷ್ಟು, ಯಾರ್ಯಾರ ಜೊತೆ ಸಂಶೋಧನೆ ಮಾಡಿದ್ದೀರಿ. 'ನಾಳೆ ಕೊಡ್ತೀನಿ ಸರ್' ಎಂದೆ. ಮೂರು ವಾರ ಹಿಡಿಯಿತು.

ಮೊದಲ ದಿನ ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಅವರ ಪ್ರೊಫೈಲ್ ತೆರೆದು, ಅದು ತಾನಾಗಿ ತೋರಿಸಿದ ಪೇಪರ್‌ಗಳನ್ನೆಲ್ಲ ಸೇರಿಸಿದೆ. ದೊಡ್ಡ ಸಂಖ್ಯೆಯೇ ಬಂತು. ಸರ್ ಪಟ್ಟಿಯನ್ನು ನಿಧಾನವಾಗಿ ನೋಡಿ, 'ಈ ಪಾಲಿಮರ್ ಪೇಪರ್ ಬರೆದವನು ನಾನಲ್ಲ' ಎಂದರು. ಅದೇ ಹೆಸರು, ಅದೇ ಇನಿಷಿಯಲ್ ಇರುವ ರಸಾಯನಶಾಸ್ತ್ರದವರೊಬ್ಬರ ಕೆಲಸವೆಲ್ಲ ಇವರ ಲೆಕ್ಕಕ್ಕೆ ಬಂದುಬಿಟ್ಟಿತ್ತು. ತೆಗೆದ ಮೇಲೆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅವತ್ತೇ ಎಣಿಸುವುದನ್ನು ನಿಲ್ಲಿಸಿ ಹೆಸರಿನ ಕೆಲಸಕ್ಕೆ ಕೂತೆ.

ನಮ್ಮ ಕಡೆಯ ಹೆಸರುಗಳಿಗೆ ಈ ಡೇಟಾಬೇಸ್‌ಗಳು ಹೊಂದುವುದೇ ಇಲ್ಲ. ಊರಿನ ಹೆಸರಿಗೊಂದು ಅಕ್ಷರ, ಅಪ್ಪನ ಹೆಸರಿಗೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಡೇಟಾಬೇಸ್‌ಗಳು ಕೊನೆಯ ಪದವನ್ನು ಮನೆತನದ ಹೆಸರು ಎಂದು ಹಿಡಿಯುತ್ತವೆ. ಹಾಗಾಗಿ ಇನಿಷಿಯಲ್ ಮುಂದಿದ್ದರೆ ಒಬ್ಬರು, ಹಿಂದಿದ್ದರೆ ಇನ್ನೊಬ್ಬರು. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಕೊನೆಗೆ ಒಬ್ಬರು 'ಎ' ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇರುವುದರಿಂದ ಸ್ವಲ್ಪ ವಾಸಿ ಅನ್ನಬಹುದು. ಆದರೆ ಪಾಟೀಲ ಎಂದು ಹುಡುಕಿದರೆ ಎಷ್ಟು ಜನ ಬರುತ್ತಾರೆ, ಅಲ್ವಾ? ನಮ್ಮ ಸರ್ ಹೆಸರು ಐದು ರೂಪದಲ್ಲಿ ಸಿಕ್ಕಿತು. ಸ್ಕೋಪಸ್ ಎಂಬ ಇನ್ನೊಂದು ಸೈಟೇಶನ್ ಡೇಟಾಬೇಸ್‌ನಲ್ಲಿ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳಾಗಿದ್ದರು.

ಅವರ ಬಯೋಡೇಟಾದ ಪಟ್ಟಿಯನ್ನೇ ಆಧಾರ ಮಾಡಿಕೊಂಡು ಒಂದು ಶೀಟ್ ತೆರೆದೆ. ಒಂದು ಪೇಪರ್‌ಗೆ ಒಂದು ಸಾಲು. ವರ್ಷ, ಪತ್ರಿಕೆ, ಡಿಒಐ (ಪೇಪರ್‌ನ ಖಾಯಂ ಗುರುತಿನ ಸಂಖ್ಯೆ), ಅಚ್ಚಾದ ಹೆಸರಿನ ರೂಪ, ಸ್ಕಾಲರ್‌ನಲ್ಲಿ ಸೈಟೇಶನ್, ಸ್ಕೋಪಸ್‌ನಲ್ಲಿ ಸೈಟೇಶನ್. ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡಲು 2012ರಲ್ಲಿ ಶುರುವಾದ ಆರ್ಕಿಡ್‌ನಲ್ಲಿ ಅವರಿಗೆ 16 ಅಂಕಿಯ ಗುರುತು ಮಾಡಿಸಿ, ಪೇಪರ್‌ಗಳನ್ನು ಅದಕ್ಕೆ ಸೇರಿಸಿದೆವು. ಸ್ಕೋಪಸ್‌ಗೆ ವಿನಂತಿ ಕಳಿಸಿ ಎರಡು ಪ್ರೊಫೈಲ್ ಒಂದು ಮಾಡಿಸಿದೆವು. ಇದಕ್ಕೇ ಎರಡು ವಾರ ಹೋಯಿತು.

ಆಮೇಲಿನ ಎಣಿಕೆ ಸುಲಭ. ಎಚ್-ಇಂಡೆಕ್ಸ್ ಅನ್ನು ಭೌತವಿಜ್ಞಾನಿ ಹೋರ್ಹೆ ಹರ್ಷ್ 2005ರಲ್ಲಿ ಮುಂದಿಟ್ಟರು. ಪೇಪರ್‌ಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆಗೆ ಜೋಡಿಸಿ, ಮೇಲಿನಿಂದ 1, 2, 3 ಎಂದು ಎಣಿಸುತ್ತಾ ಬನ್ನಿ. ಸೈಟೇಶನ್ ಆ ಕ್ರಮಸಂಖ್ಯೆಗಿಂತ ಕಡಿಮೆಯಾದ ಕಡೆ ನಿಲ್ಲಿ, ಅದರ ಹಿಂದಿನ ಸಂಖ್ಯೆಯೇ ಎಚ್-ಇಂಡೆಕ್ಸ್. 12ನೇ ಪೇಪರ್‌ಗೆ 13 ಸೈಟೇಶನ್, 13ನೆಯದಕ್ಕೆ 11 ಇದ್ದರೆ ಎಚ್-ಇಂಡೆಕ್ಸ್ 12. ಕೈಯಲ್ಲಿ ಒಂದು ಸಲ ಮಾಡಿದರೆ ಅದರ ಗುಣ, ದೋಷ ಎರಡೂ ತಿಳಿಯುತ್ತವೆ. ಒಂದೇ ಪೇಪರ್‌ಗೆ ಸಾವಿರ ಸೈಟೇಶನ್ ಬಂದರೂ ಅದು ಒಂದೇ ಲೆಕ್ಕ. ವರ್ಷ ಕಳೆದಂತೆ ಏರಬಹುದು ಅಷ್ಟೆ, ಇಳಿಯುವುದಿಲ್ಲ. ಆದ್ದರಿಂದ ಹೊಸಬರನ್ನು ಹಿರಿಯರ ಪಕ್ಕ ಇಟ್ಟು ಇದರಲ್ಲಿ ಅಳೆಯುವುದು ಅನ್ಯಾಯ.

ಸ್ಕಾಲರ್ ಮತ್ತು ಸ್ಕೋಪಸ್ ಸಂಖ್ಯೆಗಳು ಹೊಂದಲಿಲ್ಲ, ಹೊಂದಬೇಕಾಗಿಯೂ ಇಲ್ಲ. ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಸಮ್ಮೇಳನದ ಲೇಖನ, ಪುಸ್ತಕ ಎಲ್ಲವನ್ನೂ ಎಣಿಸುತ್ತದೆ. ಸ್ಕೋಪಸ್ ತಾನು ಆರಿಸಿದ ಪತ್ರಿಕೆಗಳನ್ನೇ ಹೆಚ್ಚಾಗಿ ನೋಡುತ್ತದೆ. ನಾನು ಎರಡನ್ನೂ ಬರೆದು, ಪಕ್ಕದಲ್ಲಿ ಎಣಿಸಿದ ತಾರೀಕು ಹಾಕಿದೆ. ಅವರೇ ತಮ್ಮ ಪೇಪರ್‌ಗಳನ್ನು ಉಲ್ಲೇಖಿಸಿದ್ದನ್ನು ಕಳೆದು ಇನ್ನೊಂದು ಸಂಖ್ಯೆಯನ್ನೂ ಕೊಟ್ಟೆ.

ಕೊನೆಯ ವಾರ ಅವರನ್ನು ಉಲ್ಲೇಖಿಸಿದ ಪೇಪರ್‌ಗಳನ್ನೇ ಒಂದೊಂದಾಗಿ ತೆರೆದು ಓದಿದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಅತಿ ಹೆಚ್ಚು ಸೈಟೇಶನ್ ಬಂದ ಪೇಪರ್ ಅನ್ನು ಬಹುತೇಕರು ಒಂದೇ ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದರು. ತೊಗರಿ ಗಿಡ ಬಾಡಿ ಒಣಗುವ ನೆಟೆ ರೋಗದ ಮೇಲಿನ ಇನ್ನೊಂದು ಪೇಪರ್‌ಗೆ ಸೈಟೇಶನ್ ತೀರಾ ಕಡಿಮೆ. ಆದರೆ ಉಲ್ಲೇಖಿಸಿದವರು ಅದೇ ವಿಧಾನದಲ್ಲಿ ತಮ್ಮ ತಳಿಗಳನ್ನು ಪರೀಕ್ಷಿಸಿ, ಇವರ ಫಲಿತಾಂಶದ ಜೊತೆ ಹೋಲಿಸಿದ್ದರು. ಅದರ ಶಿಫಾರಸು ರೈತರಿಗೆ ಹಂಚುವ ಬೇಸಾಯ ಕ್ರಮಗಳ ಪುಸ್ತಕಕ್ಕೂ ಹೋಗಿತ್ತು. ಆ ಕನ್ನಡ ಪುಸ್ತಕ ನಾನು ನೋಡಿದ ಯಾವ ಡೇಟಾಬೇಸ್‌ನಲ್ಲೂ ಸೈಟೇಶನ್ ಆಗಿ ಬಂದಿರಲಿಲ್ಲ. ನೆಟೆ ಬಂದ ಹೊಲ ನೋಡಿದವರಿಗೆ ಆ ಶಿಫಾರಸಿನ ಬೆಲೆ ಗೊತ್ತು. ಅರ್ಜಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದೆ.

ಸಹ-ಲೇಖಕರ ನಕ್ಷೆಗೆ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ಮಾಡಿದ ವಾಸ್‌ವ್ಯೂವರ್ ಬಳಸಿದೆ. ಅದು ಉಚಿತ. ಲೇಖಕರೆಲ್ಲ ಚುಕ್ಕಿ, ಒಟ್ಟಿಗೆ ಬರೆದವರ ನಡುವೆ ಗೆರೆ. ಒಬ್ಬರದೇ ಹೆಸರಿನ ಬೇರೆ ಬೇರೆ ರೂಪಗಳನ್ನು ಒಂದು ಕಡತದಲ್ಲಿ ಬರೆದುಕೊಟ್ಟರೆ ಅದು ಸೇರಿಸಿಕೊಳ್ಳುತ್ತದೆ. ಮೊದಲ ನಕ್ಷೆಯಲ್ಲಿ ಒಂದು ದಟ್ಟ ಗುಂಪು ಎಲ್ಲವನ್ನೂ ಮುಚ್ಚಿಬಿಟ್ಟಿತು. ಹಲವು ಕೇಂದ್ರಗಳಲ್ಲಿ ನಡೆದ ಪ್ರಯೋಗದ ಒಂದೇ ಪೇಪರ್, 20 ಲೇಖಕರು. ಪ್ರತಿ ಜೋಡಿಗೆ ಒಂದರಂತೆ ಅದರಿಂದಲೇ 190 ಗೆರೆ. ಭಾಗಶಃ ಎಣಿಕೆ ಎಂಬ ಆಯ್ಕೆ ಹಾಕಿದೆ. ಲೇಖಕರು ಜಾಸ್ತಿ ಇದ್ದಷ್ಟೂ ಅದರಲ್ಲಿ ಗೆರೆಯ ತೂಕ ಇಳಿಯುತ್ತದೆ.

ಆಗ ನಿಜವಾದ ಚಿತ್ರ ಬಂತು. ಒಂದು ಕಡೆ ಅವರ ವಿಭಾಗದವರು. ಇನ್ನೊಂದು ಕಡೆ ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯವರು. ನಡುವೆ ಸರ್ ಬಿಟ್ಟರೆ ಎರಡೂ ಕಡೆಗೆ ಗೆರೆ ಇದ್ದದ್ದು ಒಂದೇ ಚುಕ್ಕಿಗೆ. ಅವರು ಸರ್ ಹತ್ತಿರ ಪಿಎಚ್‌ಡಿ ಮಾಡಿದ ಹುಡುಗಿ. ಸರ್ ಆ ಚುಕ್ಕಿಯ ಮೇಲೆ ಬೆರಳಿಟ್ಟು, 'ಹೊಲದ ಕೆಲಸ ಪೂರ್ತಿ ಇವಳದೇ' ಎಂದರು. ನಾಲ್ಕು ಪೇಪರ್‌ಗಳಲ್ಲಿ ಆ ಹುಡುಗಿಯ ಹೆಸರು ಮೂರು ರೂಪದಲ್ಲಿತ್ತು. ಸ್ಕಾಲರ್‌ನಲ್ಲೂ ಆರ್ಕಿಡ್‌ನಲ್ಲೂ ಅವರಿಗೆ ಪ್ರೊಫೈಲ್ ಇರಲಿಲ್ಲ. ಅವತ್ತು ಸಂಜೆಯೇ ಸರ್ ಅವರಿಗೆ ಫೋನ್ ಮಾಡಿದರು. ಮರುದಿನ ಅವರ ಹೆಸರಲ್ಲಿ ಇನ್ನೊಂದು ಶೀಟ್ ತೆರೆದೆ.