ಕರ್ನಲ್‌ಗೊಂದು ಪುಟ್ಟ ಮೆಮೊರಿ ಫೈಲ್‌ಸಿಸ್ಟಂ: ನನ್ನ ಅನುಭವ

ಹವ್ಯಾಸಕ್ಕಾಗಿ ನಾನು 64 ಬಿಟ್‌ನ ಒಂದು ಸಣ್ಣ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುತ್ತಿದ್ದೇನೆ. ಡಿಸ್ಕ್ ಡ್ರೈವರ್ ಸಿದ್ಧವಾಗುವ ಮೊದಲೇ ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ) ಹಾಗೂ ಬೇರೆ ಕೆಲವು ಪ್ರೋಗ್ರಾಂಗಳನ್ನು ಓಡಿಸಬೇಕಿದ್ದುದರಿಂದ, ಮೊದಲ ಫೈಲ್‌ಸಿಸ್ಟಂ ಸಂಪೂರ್ಣವಾಗಿ ಮೆಮೊರಿಯಲ್ಲಿಯೇ ಇರಲಿ ಎಂದು ತೀರ್ಮಾನಿಸಿದೆ. ಡಿಸ್ಕ್ ಇಲ್ಲದಿದ್ದರೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಬೇಡ, ವಿದ್ಯುತ್ ಹೋದರೆ ಚೇತರಿಸಿಕೊಳ್ಳುವ ಚಿಂತೆಯೂ ಇಲ್ಲ. ಆದರೆ ಯಾವ ಮೆಮೊರಿಯನ್ನು ಯಾವಾಗ ಬಿಟ್ಟುಕೊಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ವಿನ್ಯಾಸದ ಬಹುಪಾಲು ಅದಕ್ಕೆ ಉತ್ತರವಾಗಿಯೇ ರೂಪುಗೊಂಡಿತು.

ಯುನಿಕ್ಸ್ ಪರಂಪರೆಯಲ್ಲಿ ಫೈಲಿನ ಹೆಸರು ಡೈರೆಕ್ಟರಿಗೆ ಸೇರಿದ್ದು. ಗಾತ್ರ, ಅನುಮತಿ, ದತ್ತಾಂಶದ ವಿಳಾಸಗಳು ಐನೋಡ್ ಎಂಬ, ಪ್ರತಿ ಫೈಲಿಗೂ ಇರುವ ದಾಖಲೆಗೆ ಸೇರಿದವು. ಆದ್ದರಿಂದ ಪ್ರತಿ ಐನೋಡ್‌ನಲ್ಲಿ ಎರಡು ಎಣಿಕೆಗಳನ್ನಿಟ್ಟೆ: ಅದಕ್ಕೆ ಎಷ್ಟು ಹೆಸರುಗಳಿವೆ ಎಂಬುದು ಒಂದು, ಕರ್ನಲ್‌ನ ಒಳಗೆ ಎಷ್ಟು ಮಂದಿ ಅದನ್ನು ಹಿಡಿದುಕೊಂಡಿದ್ದಾರೆ ಎಂಬುದು ಇನ್ನೊಂದು. ತಾತ್ಕಾಲಿಕ ಫೈಲನ್ನು ತೆರೆದು, ಕೂಡಲೇ ಅನ್‌ಲಿಂಕ್ ಮಾಡಿ (ಅದರ ಹೆಸರನ್ನು ಅಳಿಸಿ), ಆಮೇಲೂ ಅದರಲ್ಲಿ ಓದಿ ಬರೆಯುವುದು ಹಳೆಯ ರೂಢಿ. ಎರಡೂ ಎಣಿಕೆಗಳು ಸೊನ್ನೆಯಾದಾಗ ಮಾತ್ರ ಪುಟಗಳನ್ನು (ಮೆಮೊರಿಯ ಸಮಗಾತ್ರದ ತುಂಡುಗಳನ್ನು) ಮೆಮೊರಿ ಹಂಚುವ ಅಲೊಕೇಟರ್‌ಗೆ ಹಿಂದಿರುಗಿಸಿದರೆ ಈ ರೂಢಿಗೆ ಬೇರೆ ಏರ್ಪಾಡೇ ಬೇಕಾಗುವುದಿಲ್ಲ. ಪ್ರೋಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಪ್ರಸ್ತುತ ಡೈರೆಕ್ಟರಿಯೂ ಎರಡನೆಯ ಎಣಿಕೆಯಲ್ಲೇ ಸೇರುತ್ತದೆ.

ದತ್ತಾಂಶಕ್ಕೆ 4096 ಬೈಟ್‌ಗಳ ಪುಟಗಳನ್ನೇ ಬಳಸಿದೆ. ಐನೋಡ್‌ನಲ್ಲಿ 12 ನೇರ ವಿಳಾಸಗಳು, ಜೊತೆಗೆ 512 ವಿಳಾಸಗಳನ್ನು ಹೊತ್ತ ಒಂದು ಪರೋಕ್ಷ ಪುಟ. ಹೀಗೆ ಒಂದು ಫೈಲು 2096 ಕೆಬಿ ವರೆಗೆ ಬೆಳೆಯಬಲ್ಲದು. ಆರಂಭದ ಹಂತಕ್ಕೆ ಇದು ಧಾರಾಳ. ಖಾಲಿ ಫೈಲಿನ 10000ನೇ ಆಫ್‌ಸೆಟ್‌ನಲ್ಲಿ (ಆರಂಭದಿಂದ ಅಷ್ಟು ಬೈಟ್ ದೂರದಲ್ಲಿ) ಒಂದೇ ಬೈಟ್ ಬರೆದರೆ, ಸೊನ್ನೆಯಿಂದ ಎಣಿಸುವಾಗ ಅದು 2ನೇ ಪುಟದ 1808ನೇ ಸ್ಥಾನಕ್ಕೆ ಬೀಳುತ್ತದೆ. ಆ ಒಂದು ಪುಟವನ್ನಷ್ಟೇ ಪಡೆದು, ಹಿಂದಿನೆರಡನ್ನು ಖಾಲಿ ಬಿಡುತ್ತೇನೆ. ಅಲ್ಲಿ ಓದಿದವರಿಗೆ ಸೊನ್ನೆಗಳು ಸಿಗುತ್ತವೆ. ಹೊಸ ಪುಟವನ್ನು ಮೊದಲು ಸೊನ್ನೆಯಿಂದ ತುಂಬಿಸುವುದು ಕಡ್ಡಾಯ, ಏಕೆಂದರೆ ಅದರಲ್ಲಿ ಬೇರೊಂದು ಪ್ರೋಸೆಸ್‌ನ ಹಳೆಯ ಮಾಹಿತಿ ಇರಬಹುದು. ಫೈಲನ್ನು ಮೊಟಕುಗೊಳಿಸುವಾಗಲೂ ಕೊನೆಯ ಪುಟದ ಉಳಿದ ಭಾಗವನ್ನು ಅಳಿಸಲೇಬೇಕು. ಇಲ್ಲವಾದರೆ ಫೈಲು ಮತ್ತೆ ಬೆಳೆದಾಗ ಅಳಿಸಿದ ಮಾಹಿತಿ ಪುನಃ ಕಾಣಿಸಿಕೊಳ್ಳುತ್ತದೆ. ಇಷ್ಟು ಚಿಕ್ಕ ಕರ್ನಲ್‌ನಲ್ಲೂ ಇದನ್ನು ಭದ್ರತೆಯ ವಿಷಯವೆಂದೇ ನಾನು ಪರಿಗಣಿಸುತ್ತೇನೆ.

ಡೈರೆಕ್ಟರಿ ಒಂದು ಸರಳ ಪಟ್ಟಿ. ಹತ್ತಾರು ಹೆಸರುಗಳಿಗೆ, ಬೇಗ ಹುಡುಕಲು ನೆರವಾಗುವ ಹ್ಯಾಶ್ ಟೇಬಲ್ ಅನಗತ್ಯ. ಇಡೀ ಫೈಲ್‌ಸಿಸ್ಟಂಗೆ ಒಂದೇ ಲಾಕ್ (ಒಮ್ಮೆಗೆ ಒಬ್ಬರಷ್ಟೇ ಬಳಸುವಂತೆ ತಡೆಯುವ ಬೀಗ) ಇಟ್ಟಿದ್ದರಿಂದ ರಿನೇಮ್ ಕೂಡ ಸುಲಭವಾಯಿತು, ಆದರೂ ಡೈರೆಕ್ಟರಿಯೊಂದು ತನ್ನದೇ ಸಂತತಿಯೊಳಗೆ ಹೋಗದಂತೆ ಮೇಲಿನ ಸರಪಳಿಯನ್ನು ರೂಟ್ (ಎಲ್ಲಕ್ಕೂ ಮೇಲಿನ ಡೈರೆಕ್ಟರಿ) ತನಕ ಪರಿಶೀಲಿಸಬೇಕು.

ಬೂಟ್ ಆಗುವಾಗ ಫೈಲುಗಳನ್ನು ತುಂಬಲು, ಲಿನಕ್ಸ್‌ನ ಆರಂಭಿಕ ಮೆಮೊರಿ ಫೈಲ್‌ಸಿಸ್ಟಂ ಆದ ಇನಿಟ್‌ರ‍್ಯಾಮ್‌ಎಫ್‌ಎಸ್ ಬಳಸುವ, ಹಲವು ಫೈಲುಗಳನ್ನು ಒಂದಾಗಿ ಕಟ್ಟುವ ಸಿಪಿಐಒ ಸ್ವರೂಪವನ್ನೇ ಆರಿಸಿಕೊಂಡೆ. ಪ್ರತಿ ದಾಖಲೆಯ 110 ಬೈಟ್‌ಗಳ ಶಿರೋಭಾಗ 070701 ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಸಂಖ್ಯೆಗಳೆಲ್ಲ ಓದಬಲ್ಲ ಹೆಕ್ಸ್ (16ರ ಆಧಾರದ ಅಂಕಿ) ರೂಪದಲ್ಲಿರುವುದರಿಂದ ಡಂಪ್ (ಬೈಟ್‌ಗಳ ನೇರ ಮುದ್ರಣ) ನೋಡಿಯೇ ದೋಷ ಹುಡುಕಬಹುದು.

ಮಿತಿಯೊಂದನ್ನು ಹಾಕುವುದು ಬಾಕಿ ಇತ್ತು. ಲಿನಕ್ಸ್‌ನ ರ‍್ಯಾಮ್‌ಎಫ್‌ಎಸ್‌ಗೆ ಗಾತ್ರದ ಮಿತಿಯಿಲ್ಲ. ಅಲ್ಲಿನದೇ ಇನ್ನೊಂದು ಮೆಮೊರಿ ಫೈಲ್‌ಸಿಸ್ಟಂ ಆದ ಟಿಎಂಪಿಎಫ್‌ಎಸ್ ಮಾತ್ರ ಬೇರೇನೂ ಹೇಳದಿದ್ದರೆ ರ‍್ಯಾಮ್‌ನ ಅರ್ಧಕ್ಕೆ ನಿಲ್ಲುತ್ತದೆ. ನಾನು ಎರಡನೆಯದನ್ನು ಅನುಸರಿಸಿ, ಪುಟ ಪಡೆಯುವ ಮೊದಲೇ ಲೆಕ್ಕದಲ್ಲಿ ಕಾಯ್ದಿರಿಸುವ ಕ್ರಮ ಇಟ್ಟುಕೊಂಡೆ. ಬರೆಯುತ್ತಿರುವಾಗಲೇ ಜಾಗ ಮುಗಿದರೆ, ಅಲ್ಲಿಯವರೆಗೆ ಬರೆದ ಬೈಟ್‌ಗಳ ಸಂಖ್ಯೆಯನ್ನು ಹಿಂದಿರುಗಿಸುತ್ತೇನೆ. ಒಂದು ಬೈಟೂ ಬರೆಯಲಾಗದಿದ್ದಾಗ ಮಾತ್ರ ಸ್ಥಳವಿಲ್ಲ ಎಂಬ ದೋಷಸಂಕೇತ ಹೋಗುತ್ತದೆ.